ಅತ್ತೆಗೆ ದಿನಕ್ಕೆ ಹದಿನಾರು ಗಂಟೆ ಆಕ್ಸಿಜನ್ ಬರೆದಿದ್ದಾರೆ, ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೇ ಅಷ್ಟು ಹೊತ್ತು ಇರುವುದಿಲ್ಲ

ಕಳಸದ ಸೊಸೆ · ಜುಲೈ 4

ಕಳಸದಿಂದ ಎಂಟು ಕಿಲೋಮೀಟರ್ ಒಳಗೆ ನಮ್ಮ ಮನೆ. ಅತ್ತೆಗೆ ಎಪ್ಪತ್ತೊಂದು ವರ್ಷ. ಬೀಡಿ, ಸಿಗರೇಟು ಮುಟ್ಟಿದವರಲ್ಲ. ಆದರೆ ಐವತ್ತು ವರ್ಷ ಸೌದೆ ಒಲೆಯ ಮುಂದೆ ಕುಳಿತವರು. ಅಡುಗೆ ಒಲೆ ಸಾಲದೆಂಬಂತೆ ಬಚ್ಚಲ ಒಲೆ, ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಒಲೆ. ಗ್ಯಾಸ್ ಬಂದ ಮೇಲೂ ಅನ್ನಕ್ಕೆ ಸೌದೆಯೇ ಆಗಬೇಕು. ಹತ್ತು ವರ್ಷದ ಕೆಮ್ಮಿಗೆ ಮೂರು ವರ್ಷದ ಹಿಂದೆ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗಿ ಉಸಿರು ಕಟ್ಟುವ, ಪೂರ್ತಿ ವಾಸಿಯಾಗದ ಶ್ವಾಸಕೋಶದ ಕಾಯಿಲೆ) ಎಂಬ ಹೆಸರು ಸಿಕ್ಕಿತು.

ಜೂನ್‌ನಲ್ಲಿ ಮಳೆ ಹಿಡಿದಾಗ ಕಫ ಕಟ್ಟಿ ಮಾತನಾಡಲೂ ಉಸಿರು ಸಾಲದಂತಾಗಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಒಂಬತ್ತು ದಿನದ ನಂತರ ಮನೆಗೆ ಕಳುಹಿಸುವಾಗ ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟು: ಆಕ್ಸಿಜನ್ ನಿಮಿಷಕ್ಕೆ ಒಂದೂವರೆ ಲೀಟರ್, ದಿನಕ್ಕೆ 16 ಗಂಟೆ, ಎರಡೂವರೆ ತಿಂಗಳ ನಂತರ ಮತ್ತೆ ತಪಾಸಣೆ.

ಸದ್ಯಕ್ಕೆ ಒಂದು ಸಣ್ಣ ಸಿಲಿಂಡರ್ ತಂದಿದ್ದೇವೆ. ಅದನ್ನು ತುಂಬಿಸಿಕೊಂಡು ಬರುವುದಕ್ಕೆ ಒಂದು ದಿನವೇ ಹೋಗುತ್ತದೆ. ಊರಿನ ಒಂದು ಸಂಘದವರು ಕೋವಿಡ್ ಸಮಯದಲ್ಲಿ ತಂದಿಟ್ಟ ಕಾನ್ಸಂಟ್ರೇಟರ್ (ಕರೆಂಟಿನಲ್ಲಿ ಓಡಿ ಗಾಳಿಯಿಂದ ಆಕ್ಸಿಜನ್ ಕೊಡುವ ಯಂತ್ರ) ಇದೆ, ಪುಕ್ಕಟೆ ಕೊಡುತ್ತೇವೆ ಎಂದಿದ್ದಾರೆ. ತೆಗೆದುಕೊಳ್ಳಬಹುದೇ? ಕರೆಂಟು ಹೋದರೆ ಏನು ಮಾಡಬೇಕು? ಕಳೆದ ವರ್ಷ ಒಂದು ಮರ ಬಿದ್ದು ನಾಲ್ಕು ದಿನ ಕತ್ತಲಲ್ಲಿದ್ದೆವು.

ಇದೆಲ್ಲಕ್ಕಿಂತ ದೊಡ್ಡ ತಲೆನೋವು ಬೇರೆಯದು. ಯಾರಾದರೂ ಅಂಗಳಕ್ಕೆ ಕಾಲಿಟ್ಟರೆ ಸಾಕು, ಅತ್ತೆ ಮೂಗಿನ ಕೊಳವೆ ಕಿತ್ತು ದಿಂಬಿನ ಕೆಳಗೆ ತುರುಕುತ್ತಾರೆ. ಮೂಗಿಗೆ ಪೈಪು ಬಂತೆಂದರೆ ಆಯುಷ್ಯ ಮುಗಿಯಿತು ಎಂದು ಪಕ್ಕದ ಮನೆಯವರು ಅವರ ಎದುರಿಗೇ ಹೇಳಿ ಹೋಗಿದ್ದಾರೆ.

ಮೂಡಿಗೆರೆ ತೋಟದವನು · ಜುಲೈ 4

ಬೇಸರ ಮಾಡಿಕೊಳ್ಳಬೇಡಿ, ಪಕ್ಕದ ಮನೆಯವರು ಹೇಳಿದ್ದರಲ್ಲಿ ಸತ್ಯವಿದೆ. ನಮ್ಮ ಚಿಕ್ಕಪ್ಪನಿಗೂ ಹೀಗೆಯೇ ಹಚ್ಚಿದರು. ಎರಡು ತಿಂಗಳು ಪೂರ್ತಿ ಆಗಲಿಲ್ಲ. ಒಮ್ಮೆ ರೂಢಿಯಾದರೆ ದೇಹ ತಾನಾಗಿ ಉಸಿರಾಡುವುದನ್ನೇ ಮರೆಯುತ್ತದೆ. ತೀರಾ ಉಬ್ಬಸ ಬಂದಾಗ ಮಾತ್ರ ಅರ್ಧ ಗಂಟೆ ಹಾಕಿ, ಸಾಕು.

ಸಕಲೇಶಪುರದ ಮೇಷ್ಟ್ರು · ಜುಲೈ 4

ತೋಟದವರೇ, ನಾನು ಈ ಉತ್ತರ ಬರೆಯುತ್ತಿರುವುದೇ ಮೂಗಿನಲ್ಲಿ ಕೊಳವೆ ಇಟ್ಟುಕೊಂಡು. ಇದು ನಾಲ್ಕನೆಯ ವರ್ಷ. ದೇಹ ಉಸಿರಾಡುವುದನ್ನು ಮರೆತಿದ್ದರೆ ನನ್ನ ಪಿಂಚಣಿ ಇಷ್ಟು ಹೊತ್ತಿಗೆ ನಿಂತಿರಬೇಕಿತ್ತು.

ತಂಗಿ, ಅತ್ತೆಯವರ ವಿಷಯಕ್ಕೆ ಬರುತ್ತೇನೆ. ನನ್ನದು ಸೌದೆ ಹೊಗೆಯಲ್ಲ, ಮೂವತ್ತೈದು ವರ್ಷದ ಸಿಗರೇಟು. ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ಪಾಠ ಮಾಡಿ ಬಂದು ಹಿತ್ತಿಲಲ್ಲಿ ಹಚ್ಚುತ್ತಿದ್ದೆ. ಆಕ್ಸಿಜನ್ ಬರೆದುಕೊಟ್ಟಾಗ ನಾನೂ ನಿಮ್ಮ ಅತ್ತೆಯಂತೆಯೇ ಮಾಡಿದೆ. ಪೋಸ್ಟ್‌ಮ್ಯಾನ್ ಬಂದರೂ ಕೀಳುತ್ತಿದ್ದೆ. ಹಗಲು ಮುಖ ಉಳಿಸಿಕೊಂಡು ರಾತ್ರಿ ಮಾತ್ರ ಹಾಕಿಕೊಳ್ಳುತ್ತಿದ್ದೆ. ಆರು ತಿಂಗಳಲ್ಲಿ ಎರಡೂ ಕಾಲು ಊದಿಕೊಂಡವು. ಹೃದಯದ ಬಲಭಾಗಕ್ಕೆ ಹೊರೆ ಬಿದ್ದಿದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ಎಷ್ಟು ಗಂಟೆ ಹಾಕುತ್ತೀರಿ ಎಂದರು. ಹದಿನೈದು ಎಂದು ಸುಳ್ಳು ಹೇಳಿದೆ. ಅವರು ಎದ್ದು ಯಂತ್ರದ ಗಂಟೆ ಮೀಟರಿನ ಫೋಟೋ ತರಿಸಿ ಎಂದರು! ಬೈಕಿಗೆ ಕಿಲೋಮೀಟರ್ ಮೀಟರ್ ಇದ್ದಂತೆ ಕಾನ್ಸಂಟ್ರೇಟರಿಗೂ ಓಡಿದ ಗಂಟೆಗಳ ಮೀಟರ್ ಇರುತ್ತದೆ. ದಿನಕ್ಕೆ ಏಳು ಗಂಟೆಯ ಲೆಕ್ಕ ಬಂತು. ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವನ ಹಾಜರಿ ಹೀಗೆ ಸಿಕ್ಕಿಬಿತ್ತು.

ಗಂಟೆಗಳೇ ಔಷಧಿ, ತಂಗಿ. ಯಂತ್ರ ಬರಿಯ ಬಾಟಲಿ.

ಎದೆರೋಗ ವೈದ್ಯ, ಹಾಸನ · ಜುಲೈ 5

ಮೇಷ್ಟ್ರು ಹೇಳಿದ ಮಾತಿಗೆ ಸ್ವಲ್ಪ ಹಿನ್ನೆಲೆ ಸೇರಿಸುತ್ತೇನೆ. ದಿನಕ್ಕೆ ಕನಿಷ್ಠ 15 ಗಂಟೆ ಎಂಬ ಲೆಕ್ಕ ಬಂದದ್ದು 1980 ಮತ್ತು 1981ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳಿಂದ. ಬ್ರಿಟನ್ನಿನದರಲ್ಲಿ 87 ರೋಗಿಗಳಿದ್ದರು. ಐದು ವರ್ಷದ ಕೊನೆಗೆ, ದಿನಕ್ಕೆ ಕನಿಷ್ಠ 15 ಗಂಟೆ ಆಕ್ಸಿಜನ್ ಪಡೆದ 42 ಜನರಲ್ಲಿ 19 ಮಂದಿ ತೀರಿಕೊಂಡಿದ್ದರು. ಪಡೆಯದ 45 ಜನರಲ್ಲಿ 30 ಮಂದಿ. ಅಮೆರಿಕ ಮತ್ತು ಕೆನಡಾದ ಅಧ್ಯಯನದಲ್ಲಿ ರಾತ್ರಿ ಮಾತ್ರ ಹಾಕಿಕೊಂಡವರಿಗಿಂತ ಹಗಲೂ ರಾತ್ರಿ ಹಾಕಿಕೊಂಡವರು ಹೆಚ್ಚು ಕಾಲ ಬದುಕಿದರು. ಆಯುಷ್ಯ ಮುಗಿದದ್ದಕ್ಕೆ ಪೈಪು ಬರುವುದಲ್ಲ, ಆಯುಷ್ಯ ಸೇರಿಸುವುದಕ್ಕೆ ಬರುತ್ತದೆ.

ಆದರೆ ಉಬ್ಬಸವಿರುವ ಎಲ್ಲರಿಗೂ ಇದು ಬೇಡ. ಇಲ್ಲಿ ಜನ ಎಡವುತ್ತಾರೆ. ಏದುಸಿರು ಬೇರೆ, ರಕ್ತದಲ್ಲಿ ಆಕ್ಸಿಜನ್ ಕಡಿಮೆಯಾಗುವುದು ಬೇರೆ. ಬೆರಳಿಗೆ ಸಿಕ್ಕಿಸುವ ಮೀಟರ್ ರಕ್ತದ ಆಕ್ಸಿಜನ್ ಮಟ್ಟವನ್ನು ಶೇಕಡಾದಲ್ಲಿ ತೋರಿಸುತ್ತದೆ. ಕೆಲವರು ಅದರಲ್ಲಿ 95 ಇದ್ದರೂ ಏದುತ್ತಾರೆ. ಅವರಿಗೆ ಆಕ್ಸಿಜನ್ನಿಗಿಂತ ಮುಖಕ್ಕೆ ಗಾಳಿ ಬೀಸುವ ಟೇಬಲ್ ಫ್ಯಾನೇ ಹೆಚ್ಚು ಸುಖ ಕೊಡಬಹುದು. ಇನ್ನು ಕೆಲವರು 84ರಲ್ಲಿ ಕುಳಿತು ಆರಾಮಾಗಿ ಎಲೆ ಅಡಿಕೆ ಹಾಕುತ್ತಿರುತ್ತಾರೆ. ರೋಗ ಹತೋಟಿಯಲ್ಲಿದ್ದು ಸುಮ್ಮನೆ ಕುಳಿತಾಗಲೂ ಮಾಪನ 88 ಅಥವಾ ಅದಕ್ಕಿಂತ ಕೆಳಗಿದ್ದರೆ, ಮಣಿಕಟ್ಟಿನ ಅಪಧಮನಿಯ ರಕ್ತಪರೀಕ್ಷೆಯಲ್ಲಿ ಆಕ್ಸಿಜನ್ ಒತ್ತಡ 55 ಅಥವಾ ಅದಕ್ಕಿಂತ ಕಡಿಮೆ ಬಂದರೆ, ದೀರ್ಘಕಾಲದ ಆಕ್ಸಿಜನ್ ಬರೆಯುತ್ತೇವೆ. ಕಾಲು ಊದಿಕೊಂಡು ಹೃದಯಕ್ಕೆ ಹೊರೆಯಾದವರಿಗೆ 59ರವರೆಗೂ ಬರೆಯುವುದುಂಟು. 89ರಿಂದ 93ರ ನಡುವೆ ಇರುವವರಿಗೆ ಕೊಟ್ಟರೆ ಲಾಭವಿಲ್ಲ ಎಂದು 738 ಜನರ ಮೇಲೆ ಮಾಡಿದ, 2016ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಆಸ್ಪತ್ರೆಯಿಂದ ಬರುವಾಗ ಬರೆದದ್ದು ಶಾಶ್ವತ ಎಂದುಕೊಳ್ಳಬೇಡಿ. ಸೋಂಕಿನ ಹೊಡೆತದಿಂದ ಇಳಿದ ಮಾಪನ ಎರಡು ಮೂರು ತಿಂಗಳಲ್ಲಿ ಏರಿ, ಆಕ್ಸಿಜನ್ ಬೇಡವಾದವರು ಎಷ್ಟೋ ಮಂದಿ ಇದ್ದಾರೆ. ಆ ಮರುತಪಾಸಣೆ ತಪ್ಪಿಸಬೇಡಿ.

ಯುಪಿಎಸ್ ಕೆಲಸ, ಬೇಲೂರು · ಜುಲೈ 5

ರೋಗದ ವಿಷಯ ನನಗೆ ಗೊತ್ತಿಲ್ಲ, ಕರೆಂಟಿನ ಲೆಕ್ಕ ಹೇಳುತ್ತೇನೆ. ನಿಮಿಷಕ್ಕೆ ಐದು ಲೀಟರ್ ಕೊಡುವ ಕಾನ್ಸಂಟ್ರೇಟರ್ ಸುಮಾರು 350 ವಾಟ್ ಎಳೆಯುತ್ತದೆ. ಒಂದೂವರೆ ಲೀಟರಿಗೆ ಇಳಿಸಿದರೆ ಕಡಿಮೆ ಎಳೆಯುತ್ತದೆ ಎಂದುಕೊಳ್ಳಬೇಡಿ, ಬಹುತೇಕ ಯಂತ್ರಗಳಲ್ಲಿ ಕಂಪ್ರೆಸರ್ ಓಡುವುದು ಒಂದೇ ಸಮ. 16 ಗಂಟೆಗೆ ಐದೂವರೆ ಯೂನಿಟ್ಟಿಗೂ ಮೇಲೆ, ತಿಂಗಳಿಗೆ ಹತ್ತಿರ ಹತ್ತಿರ 170. ಗೃಹಜ್ಯೋತಿಯ ಮಿತಿ 200. ಮನೆಯ ಉಳಿದ ಖರ್ಚು ಸೇರಿ ಅದನ್ನು ದಾಟಿದರೆ ಇಡೀ ಬಿಲ್ಲು ಕಟ್ಟಬೇಕು. ಮೊದಲೇ ಮನಸ್ಸು ಗಟ್ಟಿ ಮಾಡಿಕೊಳ್ಳಿ.

ಮನೆಯ ಸಾಮಾನ್ಯ 150 ಆಂಪಿಯರ್ ಗಂಟೆಯ ಬ್ಯಾಟರಿಯ ಮೇಲೆ ಕಾಗದದಲ್ಲಿ 1800 ವಾಟ್ ಗಂಟೆ ಎಂದು ಲೆಕ್ಕ ಬರುತ್ತದೆ, ಕೈಗೆ ಸಿಗುವುದು 1200ರಿಂದ 1300. ಅಂದರೆ ಮೂರೂವರೆ ಗಂಟೆ, ಅದೂ ಬ್ಯಾಟರಿ ಹೊಸದಿದ್ದು ಟಿವಿ, ಫ್ಯಾನು ಆರಿಸಿದ್ದರೆ. ಇನ್ವರ್ಟರ್ ಸೈನ್ ವೇವ್‌ನದೇ ಆಗಬೇಕು. ಅಗ್ಗದ ಚೌಕ ಅಲೆಯದಕ್ಕೆ ಹಾಕಿದರೆ ಕಂಪ್ರೆಸರ್ ಬಿಸಿಯಾಗಿ ಗೊರಗೊರ ಎನ್ನುತ್ತದೆ. ತೋಟದ ಲೈನಿನಲ್ಲಿ ಸಂಜೆ ವೋಲ್ಟೇಜ್ 160ಕ್ಕೆ ಇಳಿಯುವುದನ್ನು ನಾನೇ ಅಳೆದಿದ್ದೇನೆ. ಸ್ಟೆಬಿಲೈಸರ್ ಇಲ್ಲದೆ ಯಂತ್ರ ಚಾಲೂ ಮಾಡಬೇಡಿ.

ಜನರೇಟರ್ ಇದ್ದರೆ ಅಂಗಳದಾಚೆ ಇಡಿ. ಮಳೆ ಎಂದು ಜಗಲಿಗೆ ತರಬೇಡಿ. ಅದರ ಹೊಗೆ ಒಳಗೆ ಬಂದರೆ ಆರೋಗ್ಯವಂತರೂ ಏಳುವುದಿಲ್ಲ.

ಎದೆರೋಗ ವೈದ್ಯ, ಹಾಸನ · ಜುಲೈ 5

ಜನರೇಟರ್ ಮಾತಿಗೆ ಒಂದು ಸೇರ್ಪಡೆ. ಆ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಸೇರಿದ ರಕ್ತವನ್ನೂ ಬೆರಳಿನ ಮೀಟರ್ ಒಳ್ಳೆಯ ರಕ್ತವೆಂದೇ ಓದುತ್ತದೆ. 97 ತೋರಿಸುತ್ತಿರುವಾಗಲೇ ಮನುಷ್ಯ ಮೂರ್ಛೆ ಹೋಗಬಹುದು.

ಕಳಸದ ಸೊಸೆ · ಜುಲೈ 9

ಎಲ್ಲರಿಗೂ ವಂದನೆ. ಸಂಘದ ಯಂತ್ರ ತಂದೆವು. ನೋಡಲು ಹೊಸದರಂತೆಯೇ ಇದೆ, ಪ್ಲಾಸ್ಟಿಕ್ ಹೊದಿಕೆ ಕೂಡ ತೆಗೆದಿರಲಿಲ್ಲ. ಚಾಲೂ ಮಾಡಿದೆವು. ಹಸಿರು ದೀಪ ಹತ್ತಿತು, ನೀರಿನ ಬಾಟಲಿಯಲ್ಲಿ ಗುಳುಗುಳು ಗುಳ್ಳೆ ಬಂತು, ಮೂಗಿಗೆ ಗಾಳಿಯೂ ಬರುತ್ತಿದೆ. ಆದರೆ ಸಿಲಿಂಡರಿನಲ್ಲಿ ಒಂದೂವರೆಗೆ 91 ಬರುತ್ತಿದ್ದ ಅತ್ತೆಗೆ ಇದರಲ್ಲಿ 85, 86 ದಾಟುತ್ತಿಲ್ಲ. ಮೂರು ಲೀಟರಿಗೆ ಏರಿಸೋಣವೇ ಎಂದು ಯಜಮಾನರು ಕೇಳುತ್ತಿದ್ದಾರೆ.

ಯಂತ್ರ ರಿಪೇರಿ, ಚಿಕ್ಕಮಗಳೂರು · ಜುಲೈ 9

ಏರಿಸಬೇಡಿ. ಈಗಲೇ ಸಿಲಿಂಡರಿಗೆ ಮರಳಿ.

ಕಾನ್ಸಂಟ್ರೇಟರ್ ಆಕ್ಸಿಜನ್ ತಯಾರಿಸುವುದಿಲ್ಲ, ಸೋಸುತ್ತದೆ. ಒಳಗೆ ಎರಡು ಉರುಳೆಗಳಲ್ಲಿ ಜಿಯೋಲೈಟ್ ಎಂಬ ಸಣ್ಣ ಬಿಳಿ ಹರಳುಗಳಿರುತ್ತವೆ, ಸಾಬಕ್ಕಿಯ ಹಾಗೆ. ಕಂಪ್ರೆಸರ್ ಒತ್ತಿದ ಗಾಳಿಯಲ್ಲಿ ಸಾರಜನಕವನ್ನು ಆ ಹರಳು ಹಿಡಿದಿಟ್ಟುಕೊಳ್ಳುತ್ತದೆ, ಆಕ್ಸಿಜನ್ ಮುಂದೆ ಹೋಗುತ್ತದೆ. ಕೆಲವು ಸೆಕೆಂಡಿಗೊಮ್ಮೆ ಫುಸ್ ಎಂದು ಕೇಳುತ್ತದಲ್ಲ, ಅದು ಹಿಡಿದಿಟ್ಟ ಸಾರಜನಕವನ್ನು ಹೊರಹಾಕುವ ಸದ್ದು. ಯಂತ್ರ ಸರಿಯಿದ್ದರೆ ಕೊಳವೆಯಲ್ಲಿ 93ರ ಆಸುಪಾಸು ಶೇಕಡಾ ಆಕ್ಸಿಜನ್ ಬರಬೇಕು.

ಈ ಹರಳಿನ ಶತ್ರು ತೇವ. ಯಂತ್ರ ಓಡುತ್ತಿದ್ದರೆ ಹರಳು ಒಣಗಿರುತ್ತದೆ. ವರ್ಷಗಟ್ಟಲೆ ಓಡದೆ ಮಲೆನಾಡಿನ ಗೋದಾಮಿನಲ್ಲಿ ಕುಳಿತರೆ, ಉಪ್ಪಿನ ಭರಣಿಯ ಮುಚ್ಚಳ ತೆರೆದಿಟ್ಟ ಹಾಗೆ. 2021ರಲ್ಲಿ ಧರ್ಮಕ್ಕೆ ಬಂದ ಎಷ್ಟೋ ಯಂತ್ರಗಳ ಕಥೆ ಇದೇ. ಕೊಟ್ಟವರ ಮನಸ್ಸು ಒಳ್ಳೆಯದೇ, ಆದರೆ ತಿಂಗಳಿಗೊಮ್ಮೆ ಅರ್ಧ ದಿನ ಓಡಿಸಬೇಕೆಂದು ಯಾರಿಗೂ ಯಾರೂ ಹೇಳಲಿಲ್ಲ. ಗುಳ್ಳೆ ಬಂದರೆ ಗಾಳಿ ಬರುತ್ತಿದೆ ಎಂದು ಅರ್ಥ, ಆಕ್ಸಿಜನ್ ಬರುತ್ತಿದೆ ಎಂದಲ್ಲ. ಅಗ್ಗದ ಮಾದರಿಗಳಲ್ಲಿ ಹಸಿರು ದೀಪ ಕರೆಂಟು ಇದೆ ಎಂದಷ್ಟೇ ಹೇಳುತ್ತದೆ, ಶುದ್ಧತೆಯನ್ನು ಅಳೆಯುವ ಸೆನ್ಸರೇ ಇರುವುದಿಲ್ಲ.

ಯಾರ ಬಳಿಯಾದರೂ ಆಕ್ಸಿಜನ್ ಅನಲೈಸರ್, ಅಂದರೆ ಶುದ್ಧತೆ ಅಳೆಯುವ ಉಪಕರಣ, ಇದ್ದರೆ ಹಿಡಿದು ನೋಡಿಸಿ, ಎರಡು ನಿಮಿಷದ ಕೆಲಸ. ಹಳೆಯ ಯಂತ್ರ ಯಾರೇ ಕೊಡಲಿ, ಹಣ ಕೊಟ್ಟು ತರಲಿ, ಪುಕ್ಕಟೆ ಬರಲಿ, ಇದನ್ನು ಮಾಡದೆ ಮೂಗಿಗೆ ಹಚ್ಚಬಾರದು.

ಕಳಸದ ಸೊಸೆ · ಜುಲೈ 12

ಬಾಳೆಹೊನ್ನೂರಿನ ಕಡೆಯಿಂದ ಒಬ್ಬರು ಅನಲೈಸರ್ ತಂದು ಹಿಡಿದರು. 61. ಇನ್ನೊಮ್ಮೆ ಹಿಡಿದರು, 60. ಯಜಮಾನರು ಆ ಪರದೆಯನ್ನೇ ನೋಡುತ್ತಾ ನಿಂತುಬಿಟ್ಟರು. ಮೂರು ರಾತ್ರಿ ಅದನ್ನು ಹಚ್ಚಿ, ಈಗ ಚಿಂತೆಯಿಲ್ಲ ಎಂದು ಮಲಗಿದ್ದೆವು.

ಈಗ ಬಾಡಿಗೆಗೆ ಬೇರೆ ಯಂತ್ರ ತಂದಿದ್ದೇವೆ, ತಿಂಗಳಿಗೆ ನಾಲ್ಕು ಸಾವಿರ. ತರುವ ಮೊದಲು ಅನಲೈಸರ್ ಹಿಡಿಯಿರಿ ಎಂದೆ, ಅಂಗಡಿಯವರು ಸ್ವಲ್ಪ ಮುಖ ಕೆಡಿಸಿಕೊಂಡರು, ಆದರೆ ಹಿಡಿದರು. 94. ಮರುತಪಾಸಣೆಯ ತನಕ ಕೊಳ್ಳುವುದು ಬೇಡ ಎಂದು ನಿರ್ಧರಿಸಿದೆವು. ಒಂದೂವರೆಗೆ 91 ಬರುತ್ತಿದೆ.

ಮೂಡಿಗೆರೆ ತೋಟದವನು · ಜುಲೈ 12

ಒಂದು ಪ್ರಶ್ನೆ. 9ನೇ ತಾರೀಕು ರಿಪೇರಿಯವರು ಏರಿಸಬೇಡಿ ಎಂದರಲ್ಲ, ಯಾಕೆ? ಆಕ್ಸಿಜನ್ ಒಳ್ಳೆಯದೇ ಆದರೆ ಹೆಚ್ಚು ಕೊಟ್ಟರೆ ಹೆಚ್ಚು ಒಳ್ಳೆಯದಲ್ಲವೇ? ನಮ್ಮ ಚಿಕ್ಕಪ್ಪನಿಗೆ ಎರಡು ಲೀಟರ್ ಹೇಳಿದ್ದರು, ಏದುತ್ತಿದ್ದಾರೆ ಎಂದು ನಾವೇ ಐದಕ್ಕೆ ಇಡುತ್ತಿದ್ದೆವು. 98 ಬರುತ್ತಿತ್ತು. ಕೊನೆಯ ವಾರ ಹಗಲಿಡೀ ನಿದ್ದೆ ಮಾಡುತ್ತಿದ್ದರು, ಬೆಳಿಗ್ಗೆ ತಲೆ ಸಿಡಿಯುತ್ತದೆ ಎನ್ನುತ್ತಿದ್ದರು. ಸದ್ಯ, ನೆಮ್ಮದಿಯಾಗಿ ಮಲಗಿದ್ದಾರಲ್ಲ ಎಂದುಕೊಂಡೆವು.

ಎದೆರೋಗ ವೈದ್ಯ, ಹಾಸನ · ಜುಲೈ 12

ನಿಮ್ಮ ಚಿಕ್ಕಪ್ಪನವರನ್ನು ನಾನು ನೋಡಿಲ್ಲ, ಅವರಿಗೆ ಏನಾಯಿತೆಂದು ಇಲ್ಲಿ ಕುಳಿತು ಹೇಳುವುದು ಸರಿಯಲ್ಲ. ಸಾಮಾನ್ಯ ವಿಷಯ ಹೇಳುತ್ತೇನೆ. ಸಿಒಪಿಡಿ ಇರುವ ಕೆಲವರಲ್ಲಿ ಕಾರ್ಬನ್ ಡೈ ಆಕ್ಸೈಡ್ ಪೂರ್ತಿ ಹೊರಹೋಗದೆ ರಕ್ತದಲ್ಲಿ ಉಳಿಯುತ್ತದೆ. ಅಂಥವರಿಗೆ ಬೇಕಾದ್ದಕ್ಕಿಂತ ಹೆಚ್ಚು ಆಕ್ಸಿಜನ್ ಕೊಟ್ಟರೆ ಅದು ಇನ್ನೂ ಏರುತ್ತದೆ. ಬೆಳಗಿನ ತಲೆನೋವು, ಹಗಲಿನ ಮಂಪರು, ಗೊಂದಲದ ಮಾತು, ಕೈ ನಡುಕ ಇವು ಅದರ ಲಕ್ಷಣಗಳು. ಅದಕ್ಕೇ ಈ ರೋಗಿಗಳಿಗೆ ನಾವು 88ರಿಂದ 92 ಸಾಕು ಎನ್ನುತ್ತೇವೆ. 98 ನೋಡಿ ಸಂತೋಷಪಡಬಾರದು. ಗುಂಡಿ ತಿರುಗಿಸುವುದು ಮಾತ್ರೆಯ ಪ್ರಮಾಣ ಬದಲಿಸಿದಂತೆ, ವೈದ್ಯರನ್ನು ಕೇಳಿಯೇ ಮಾಡಬೇಕು. ಈ ಲಕ್ಷಣ ಕಂಡರೆ ಕೊಳವೆ ಕಿತ್ತೆಸೆಯುವುದೂ ತಪ್ಪು. ಬರೆದುಕೊಟ್ಟ ಪ್ರಮಾಣಕ್ಕೆ ಇಳಿಸಿ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ನಿಮ್ಮ ಮನೆಯವರಿಗೆ ಇದನ್ನು ಯಾರಾದರೂ ಕುಳಿತು ಹೇಳಬೇಕಿತ್ತು. ಹೇಳದೆ ಇದ್ದದ್ದು ನಿಮ್ಮ ತಪ್ಪಲ್ಲ.

ಮೂಡಿಗೆರೆ ತೋಟದವನು · ಜುಲೈ 13

ಯಾರೂ ಹೇಳಿರಲಿಲ್ಲ ಡಾಕ್ಟರೇ. ಚೀಟಿಯಲ್ಲಿ 2 ಎಂದು ಇತ್ತು, ಅಷ್ಟೇ. ಮೊದಲ ದಿನ ನಾನು ಇಲ್ಲಿ ಬರೆದದ್ದನ್ನು ಅಳಿಸಬೇಕೆಂದಿದ್ದೆ, ಇರಲಿ ಬಿಡಿ.

ಅರಸೀಕೆರೆಯಿಂದ · ಜುಲೈ 14

ಬೆಂಕಿಯ ಮಾತು ಇನ್ನೂ ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ನಮ್ಮ ತಂದೆಗೆ ಆಕ್ಸಿಜನ್ ಹಚ್ಚಿ ಒಂದೂವರೆ ವರ್ಷವಾಗಿತ್ತು, ಬೀಡಿ ಬಿಟ್ಟಿದ್ದೇನೆ ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಕೊಳವೆಯನ್ನು ಹಣೆಯ ಮೇಲಕ್ಕೆ ಸರಿಸಿ ಬೀಡಿ ಹಚ್ಚಿದ್ದಾರೆ. ಯಂತ್ರ ಓಡುತ್ತಲೇ ಇತ್ತು. ಕಡ್ಡಿ ಗೀರಿದ ಸದ್ದು ಕೇಳಿತು, ಮರುಕ್ಷಣ ಕೂಗು. ಮೀಸೆ, ಹುಬ್ಬು, ಮೂಗಿನ ಒಳಗಿನ ಚರ್ಮ ಎಲ್ಲ ಹೋಯಿತು. ಪ್ಲಾಸ್ಟಿಕ್ ಕೊಳವೆ ಕರಗಿ ಕೆನ್ನೆಗೆ ಅಂಟಿಕೊಂಡಿತ್ತು. ಸ್ವೆಟರಿಗೂ ಹತ್ತಿತ್ತು, ಅಮ್ಮ ಕಂಬಳಿ ಹೊದಿಸಿ ಆರಿಸಿದರು. ಬದುಕಿದರು, ಆದರೆ ಆಮೇಲೆ ಕನ್ನಡಿ ನೋಡುವುದನ್ನು ಬಿಟ್ಟರು.

ಬೀಡಿ ಸೇದುವವರ ಮನೆಗೆ ಇದು ಹೋಗುವ ಮೊದಲು ಹತ್ತು ಸಲ ಯೋಚಿಸಿ.

ಎದೆರೋಗ ವೈದ್ಯ, ಹಾಸನ · ಜುಲೈ 14

ಆಕ್ಸಿಜನ್ ತಾನಾಗಿ ಉರಿಯುವುದಿಲ್ಲ, ಉರಿಯುವುದನ್ನು ಭುಗಿಲೆಬ್ಬಿಸುತ್ತದೆ. ಬಟ್ಟೆ, ಕೂದಲು, ಹಾಸಿಗೆ ಅದನ್ನು ಹೀರಿಕೊಂಡಿರುತ್ತವೆ, ಕೊಳವೆ ತೆಗೆದ ಕೂಡಲೇ ಹೋಗಿಬಿಡುವುದಿಲ್ಲ. ಒಲೆ, ದೀಪ, ಊದಿನಕಡ್ಡಿ, ಅಗ್ಗಿಷ್ಟಿಕೆ ಎಲ್ಲದರಿಂದಲೂ ಕನಿಷ್ಠ ಹತ್ತು ಅಡಿ ದೂರವಿರಬೇಕು. ಹಾಕಿಕೊಳ್ಳದಿದ್ದಾಗ ಯಂತ್ರ ಆರಿಸಬೇಕು, ಓಡುತ್ತಿರುವ ಕೊಳವೆಯನ್ನು ಹಾಸಿಗೆಯ ಮೇಲೆ ಬಿಡಬಾರದು. ತುಟಿ, ಮೂಗು ಒಣಗಿತೆಂದು ವ್ಯಾಸಲೀನ್ ಹಚ್ಚುವುದು ಬೇಡ, ನೀರಿನಂಶದ ಜೆಲ್ ಸಾಕು.

ಯಂತ್ರ ರಿಪೇರಿ, ಚಿಕ್ಕಮಗಳೂರು · ಜುಲೈ 14

ಸಿಲಿಂಡರ್ ಇಟ್ಟುಕೊಂಡವರಿಗೂ ಒಂದು ಮಾತು. ವಾಲ್ವ್ ಬಿಗಿಯಾಗಿದೆ ಎಂದು ಕೊಬ್ಬರಿ ಎಣ್ಣೆ ಬಿಡುವವರನ್ನು ಕಣ್ಣಾರೆ ಕಂಡಿದ್ದೇನೆ. ತಲೆಗೆ ಎಣ್ಣೆ ತಿಕ್ಕಿದ ಕೈಯಲ್ಲೂ ರೆಗ್ಯುಲೇಟರ್ ಮುಟ್ಟಬಾರದು. 150 ಕಿಲೋ ಒತ್ತಡದ ಆಕ್ಸಿಜನ್ ಎಣ್ಣೆಗೆ ತಗುಲಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳಬಹುದು.

ಕಳಸದ ಸೊಸೆ · ಜುಲೈ 15

ಅರಸೀಕೆರೆಯವರೇ, ನಿಮ್ಮ ಬರಹವನ್ನು ಮಾವನವರಿಗೆ ಓದಿ ಹೇಳಿದೆ. ಅವರದು ದಿನಕ್ಕೆ ಒಂದು ಕಟ್ಟು ಬೀಡಿ, ಜಗಲಿಯಲ್ಲಿ. ಏನೂ ಮಾತನಾಡಲಿಲ್ಲ. ಸಂಜೆ ನೋಡಿದರೆ ಅವರ ಕುರ್ಚಿ ಅಂಗಳದಾಚೆ ಗೊಬ್ಬರದ ಗುಂಡಿಯ ಬಳಿ ಹೋಗಿತ್ತು, ಕೊಡೆ ಹಿಡಿದು ಕುಳಿತಿದ್ದರು. ಬಿಟ್ಟಿಲ್ಲ. ಕುರ್ಚಿ ಮಾತ್ರ ಜಗಲಿ ಬಿಟ್ಟಿದೆ.

ಬಚ್ಚಲ ಒಲೆಯ ಜಗಳ ಇನ್ನೂ ನಡೆದಿದೆ. ಹಂಡೆಗೆ ಬೆಂಕಿ ಮಾಡುವುದು ಅತ್ತೆಯ ಕೆಲಸ, ಬೆಳಿಗ್ಗೆ ಐದಕ್ಕೆ. ಗೀಸರ್ ಹಾಕಿಸೋಣ ಎಂದರೆ ಆ ನೀರಿನಲ್ಲಿ ಮೈಯ ನೋವು ಹೋಗುವುದಿಲ್ಲವಂತೆ. ನಿನ್ನೆ ನನಗೆ ಹೇಳಿದರು: "ಐವತ್ತು ವರ್ಷ ನಾನು ಊದುಕೊಳವೆಯಲ್ಲಿ ಒಲೆಗೆ ಊದಿದೆ, ಈಗ ಕೊಳವೆ ನನಗೆ ಊದುತ್ತಿದೆ. ಬಾಕಿ ತೀರಿಸುತ್ತಿದೆ, ತೀರಿಸಲಿ ಬಿಡು." ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಊದುಕೊಳವೆಯನ್ನು ಅಟ್ಟಕ್ಕೆ ಹಾಕಿದ್ದೇನೆ. ಬೆಂಕಿ ಮಾಡುವುದು ಈಗ ನನ್ನ ಕೆಲಸ, ಬೇಸಿಗೆಗೆ ಸೋಲಾರ್ ನೋಡಬೇಕು.

ಸಕಲೇಶಪುರದ ಮೇಷ್ಟ್ರು · ಜುಲೈ 15

ಬಾಕಿ ತೀರಿಸುತ್ತಿದೆ! ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ.

ನಾನು ಮಾಡಿಕೊಂಡ ಒಂದೆರಡು ಉಪಾಯ. ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರು, ಅಲ್ಲಿಗೆ ಒಂಬತ್ತು ಗಂಟೆ ಕಣ್ಣುಮುಚ್ಚಿ ಗಳಿಸಿದಂತೆ. ಮಧ್ಯಾಹ್ನದ ನಿದ್ದೆ ಎರಡು. ಉಳಿದ ಐದನ್ನು ಟಿವಿಗೆ, ಪೇಪರಿಗೆ, ಊಟಕ್ಕೆ ಹಂಚಿದ್ದೇನೆ. ದಿನದ ಗಂಟೆಗಳನ್ನು ಕ್ಯಾಲೆಂಡರಿನಲ್ಲಿ ಬರೆದಿಡುತ್ತೇನೆ. ಊಟ ಮಾಡುವಾಗ ತೆಗೆಯುವವರೇ ಹೆಚ್ಚು, ಆದರೆ ಅಗಿದು ನುಂಗುವಾಗಲೇ ನನಗೆ ಆರೇಳು ಅಂಕಿ ಇಳಿಯುತ್ತದೆ. ಸ್ನಾನದಲ್ಲೂ ಹಾಗೆಯೇ. ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಕೊಳವೆ ಹಾಕಿಕೊಂಡೇ ಮೀಯುತ್ತೇನೆ, ಯಂತ್ರ ಕೋಣೆಯಲ್ಲಿರುತ್ತದೆ, ಬಚ್ಚಲಲ್ಲಿ ಬೆಂಕಿ ಇರುವುದಿಲ್ಲ. ಕಿವಿಯ ಹಿಂದೆ ಕೊಳವೆ ಒತ್ತಿ ಹುಣ್ಣಾಗುತ್ತದೆ, ಹಳೆಯ ಪಂಚೆಯ ಚಿಂದಿ ಸುತ್ತಿಕೊಳ್ಳಿ. ನೀರಿನ ಬಾಟಲಿಗೆ ಕುದಿಸಿ ಆರಿಸಿದ ನೀರು, ದಿನವೂ ಚೆಲ್ಲಿ ಹೊಸದು. ಯಂತ್ರದ ಹಿಂದಿನ ಸ್ಪಂಜಿನ ಜಾಲರಿಯನ್ನು ಭಾನುವಾರ ತೊಳೆಯುತ್ತೇನೆ. ನಮ್ಮ ಕಡೆ ಮಳೆಗಾಲದಲ್ಲಿ ಅದು ಒಣಗುವುದಿಲ್ಲ, ಅದಕ್ಕೇ ಎರಡು ಇಟ್ಟುಕೊಂಡಿದ್ದೇನೆ.

ಡಾಕ್ಟರಿಗೆ ಒಂದು ಪ್ರಶ್ನೆ. ಮಗಳು ಮಂಗಳೂರಿನಲ್ಲಿದ್ದಾಳೆ. ಶಿರಾಡಿ ಇಳಿದು ಅಲ್ಲಿಗೆ ಹೋದರೆ ಕೊಳವೆಯಿಲ್ಲದೆ ನನಗೆ 90, ಮನೆಗೆ ಬಂದರೆ 87. ಮಗಳು ತನ್ನ ಕೈಯಡುಗೆಯ ಮಹಿಮೆ ಎನ್ನುತ್ತಾಳೆ.

ಎದೆರೋಗ ವೈದ್ಯ, ಹಾಸನ · ಜುಲೈ 16

ಮಗಳಿಗೆ ಬೇಸರ ಮಾಡಬೇಡಿ, ಆದರೆ ಅದು ಘಾಟಿಯ ಮಹಿಮೆ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ಆಕ್ಸಿಜನ್ ಪಾಲು ಎರಡೂ ಕಡೆ 21 ಶೇಕಡಾವೇ, ಆದರೆ ಇಲ್ಲಿ ಗಾಳಿಯ ಒತ್ತಡ ಸುಮಾರು ಹತ್ತರಲ್ಲಿ ಒಂದು ಪಾಲು ಕಡಿಮೆ. ಆರೋಗ್ಯವಂತರಿಗೆ ಗೊತ್ತೇ ಆಗುವುದಿಲ್ಲ. ಅಂಚಿನಲ್ಲಿರುವ ಶ್ವಾಸಕೋಶಕ್ಕೆ ಗೊತ್ತಾಗುತ್ತದೆ. ಹಾಗಾಗಿ ಕರಾವಳಿಯಲ್ಲಿ ಆಸ್ಪತ್ರೆಗೆ ತೋರಿಸಿಕೊಂಡು ಮಲೆನಾಡಿಗೆ ಮರಳುವವರು ತಾವು ಇರುವ ಊರಿನಲ್ಲಿ ಮಾಪನ ಎಷ್ಟು ಬರುತ್ತದೆ ಎಂದು ಬರೆದಿಟ್ಟುಕೊಂಡು ವೈದ್ಯರಿಗೆ ತೋರಿಸಬೇಕು. ಕಳಸದವರಿಗೂ ಇದು ಅನ್ವಯಿಸುತ್ತದೆ. ಅಳೆಯುವಾಗ ಬೆರಳು ಬೆಚ್ಚಗಿರಲಿ, ಮದರಂಗಿ, ಬಣ್ಣ ಬೇಡ. ಕಪ್ಪು ಮೈಬಣ್ಣದವರಲ್ಲಿ ಮೀಟರ್ ಒಂದೆರಡು ಅಂಕಿ ಹೆಚ್ಚೇ ತೋರಿಸಬಹುದು, ಅದಕ್ಕೇ ರಕ್ತಪರೀಕ್ಷೆ ಬೇಕಾಗುವುದು.

ಕಳಸದ ಸೊಸೆ · ಆಗಸ್ಟ್ 2

ಕೊನೆಗೂ ಕರೆಂಟು ಹೋಯಿತು. ಮಂಗಳವಾರ ರಾತ್ರಿ ಹನ್ನೊಂದಕ್ಕೆ ಹೋದದ್ದು ಶುಕ್ರವಾರ ಮಧ್ಯಾಹ್ನ ಬಂತು. ಬೇಲೂರಿನವರ ಲೆಕ್ಕ ತಪ್ಪಲಿಲ್ಲ, ಇನ್ವರ್ಟರ್ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕೀಂ ಎಂದು ಕೂಗಿತು. ಆಮೇಲೆ ಸಿಲಿಂಡರ್. ನಮ್ಮದು ಸಣ್ಣದು, ಬಿ ಟೈಪ್. ರಿಪೇರಿಯವರು ಫೋನಿನಲ್ಲಿ ಲೆಕ್ಕ ಹೇಳಿಕೊಟ್ಟರು: ಮುಳ್ಳು ತೋರಿಸುವ ಒತ್ತಡವನ್ನು ಹತ್ತರಿಂದ ಗುಣಿಸಿದರೆ ಲೀಟರ್. ತುಂಬಿದಾಗ 150, ಅಂದರೆ 1500 ಲೀಟರ್. ಒಂದೂವರೆಯಂತೆ ಭಾಗಿಸಿದರೆ ಸಾವಿರ ನಿಮಿಷ, ಹದಿನಾರೂವರೆ ಗಂಟೆಗೆ ಸ್ವಲ್ಪ ಹೆಚ್ಚು. ಅಡುಗೆಮನೆಯ ಗೋಡೆಗೆ ಇದನ್ನು ಸೀಮೆಸುಣ್ಣದಲ್ಲಿ ಬರೆದಿದ್ದೇನೆ.

ನಮ್ಮಲ್ಲಿ ಎರಡು ಸಿಲಿಂಡರ್ ಇದ್ದವು. ಎರಡನೆಯದೂ ಗುರುವಾರ ಮಧ್ಯಾಹ್ನಕ್ಕೆ 40ಕ್ಕೆ ಇಳಿಯಿತು. ದಾರಿಯಲ್ಲಿ ಮರ. ಸಂಜೆ ನಾಲ್ಕಕ್ಕೆ ಯಾರೋ ಜೀಪಿನಲ್ಲಿ ಜಂಬೋ ಸಿಲಿಂಡರ್ ತಂದು ಇಳಿಸಿದರು, ಇಬ್ಬರು ಹೊತ್ತು ತಂದರು. ಒಂದೂವರೆಯಂತೆ ಮೂರು ದಿನಕ್ಕೂ ಹೆಚ್ಚು ಬರುತ್ತದೆ. ಮೂಡಿಗೆರೆಯಿಂದ ಬಂದದ್ದು. ಹೆಸರು ಹೇಳಬೇಡಿ ಎಂದಿದ್ದಾರೆ.

ಮೂಡಿಗೆರೆ ತೋಟದವನು · ಆಗಸ್ಟ್ 2

ಮನೆಯಲ್ಲಿ ಸುಮ್ಮನೆ ನಿಂತಿತ್ತು. ಗೋಡೆಗೆ ಸರಪಳಿ ಹಾಕಿ ಕಟ್ಟಿ, ಬೀಳಬಾರದು.

ಅರಸೀಕೆರೆಯಿಂದ · ಆಗಸ್ಟ್ 3

ವಿದ್ಯುತ್ ಕಚೇರಿಗೆ ವೈದ್ಯರ ಚೀಟಿಯ ಪ್ರತಿ ಸೇರಿಸಿ ಒಂದು ಅರ್ಜಿ ಕೊಟ್ಟಿಡಿ. ತಂತಿ ಬೇಗ ಎಳೆದುಬಿಡುತ್ತಾರೆ ಎಂದಲ್ಲ, ನಮ್ಮ ಲೈನ್‌ಮ್ಯಾನ್ ಆ ಚೀಟಿ ನೋಡಿದ ಮೇಲೆ, ದುರಸ್ತಿಗೆಂದು ಲೈನ್ ತೆಗೆಯುವ ದಿನ ಮುಂಚಿತವಾಗಿ ಫೋನ್ ಮಾಡುತ್ತಿದ್ದರು. ಅಷ್ಟರಿಂದಲೇ ಸಿಲಿಂಡರ್ ತುಂಬಿಸಿಕೊಳ್ಳುವುದಕ್ಕೆ ಸಮಯ ಸಿಗುತ್ತಿತ್ತು.

ಕಳಸದ ಸೊಸೆ · ಸೆಪ್ಟೆಂಬರ್ 11

ಮರುತಪಾಸಣೆ ಆಯಿತು. ಕೊಳವೆ ತೆಗೆದು ಅರ್ಧ ಗಂಟೆ ಕೂರಿಸಿ ಮಣಿಕಟ್ಟಿನಿಂದ ರಕ್ತ ತೆಗೆದರು. ಒತ್ತಡ 53. ಆಕ್ಸಿಜನ್ ಮುಂದುವರಿಸಬೇಕು. ಬೇಡ ಎನ್ನುತ್ತಾರೇನೋ ಎಂಬ ಆಸೆ ಎಲ್ಲರಿಗೂ ಇತ್ತು, ಅತ್ತೆಯನ್ನು ಬಿಟ್ಟು. ವಾಪಸ್ ಬರುವಾಗ ಕಾರಿನಲ್ಲಿ ಅವರು ಕೇಳಿದ್ದು ಬೇರೆಯೇ. ಕ್ಯಾಲೆಂಡರಿನಲ್ಲಿ ಗಂಟೆ ಬರೆಯುವ ಮೇಷ್ಟರ ಉಪಾಯವನ್ನು ಅವರೇ ಹಿಡಿದಿದ್ದಾರೆ, ಆಗಸ್ಟ್‌ನಲ್ಲಿ ಹನ್ನೊಂದು ದಿನ 16 ದಾಟಿದೆ, ಮೂರು ದಿನ 10ಕ್ಕೂ ಕಡಿಮೆ. ಕಡಿಮೆಯಾದ ದಿನಗಳಿಗೆ ಕಾರಣವೂ ಬರೆದಿದ್ದಾರೆ: "ಬೀಗರು ಬಂದಿದ್ದರು."

ಈಗ ಅವರ ಬೇಡಿಕೆ ಎಂದರೆ, ಕೊಟ್ಟಿಗೆಯವರೆಗೆ ಕೊಳವೆ ಬೇಕಂತೆ. ಗಬ್ಬದ ಹಸು ಇದೆ, ದಿನಕ್ಕೆರಡು ಸಲ ಮೈ ಸವರದಿದ್ದರೆ ಇಬ್ಬರಿಗೂ ಸಮಾಧಾನವಿಲ್ಲ. ಮಲಗುವ ಕೋಣೆಯಿಂದ ಅಳೆದೆ, ಇಪ್ಪತ್ತೆರಡು ಮೀಟರ್. ಅಷ್ಟು ಉದ್ದದ ಕೊಳವೆ ಸಿಗುತ್ತದೆಯೇ?

ಯಂತ್ರ ರಿಪೇರಿ, ಚಿಕ್ಕಮಗಳೂರು · ಸೆಪ್ಟೆಂಬರ್ 11

15 ಮೀಟರಿಗಿಂತ ಉದ್ದ ಬೇಡ, ಕೊನೆಯಲ್ಲಿ ಹರಿವು ಬೀಳುತ್ತದೆ. ಯಂತ್ರವನ್ನು ಮಲಗುವ ಕೋಣೆಯಿಂದ ನಡುಮನೆಗೆ ತನ್ನಿ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಿ. ಅಲ್ಲಿಂದ ಕೊಟ್ಟಿಗೆಗೆ ಎಷ್ಟಾಗುತ್ತದೆ ಅಳೆಯಿರಿ. ರಾತ್ರಿ ಸದ್ದೂ ಕಡಿಮೆಯಾಗುತ್ತದೆ.

ಕಳಸದ ಸೊಸೆ · ಸೆಪ್ಟೆಂಬರ್ 12

ಹದಿಮೂರೂವರೆ. ಹಸು ಮಾತ್ರ ಕೊಳವೆಯನ್ನು ಮೂಸಿ ನೋಡುತ್ತಿದೆ, ಮೆಲ್ಲದಂತೆ ಮಾವನವರು ಕಾವಲು ನಿಂತಿದ್ದಾರೆ. ಬೀಡಿ ಇಲ್ಲದೆ.